ಒಂದೂವರೆ ಡಿಗ್ರಿ

ಮಗಳು ಹುಟ್ಟಿದ ಮೇಲೆ ನಾನು ಸುದ್ದಿ ಓದುವ ಹೊತ್ತೇ ಬದಲಾಗಿದೆ. ಮೊದಲು ಬೆಳಗಿನ ಚಹಾದ ಜೊತೆ ಓದುತ್ತಿದ್ದೆ. ಈಗ ರಾತ್ರಿ ಮೂರಕ್ಕೆ. ಹಾಲು ಕುಡಿಸಿ, ಹೆಗಲಿಗೆ ಹಾಕಿಕೊಂಡು, ತೇಗು ಬರುವ ತನಕ ಬೆನ್ನು ತಟ್ಟಬೇಕು. ಖಾಲಿ ಇರುವ ಇನ್ನೊಂದು ಕೈ ಸುಮ್ನೆ ಇರುತ್ತದೆಯೇ? ಮೊಬೈಲ್ ಹಿಡಿಯುತ್ತದೆ. ಯುಕ್ರೇನ್, ಗಾಜಾ, ಎಲ್ಲೋ ಕಾಡಿಗೆ ಬಿದ್ದ ಬೆಂಕಿ, ಟೊಮೆಟೊ ರೇಟು. ಆ ಹೊತ್ತಿನಲ್ಲಿ ಚಿಂತೆಗೆ ದೊಡ್ಡದು, ಚಿಕ್ಕದು ಅಂತ ಇರುವುದಿಲ್ಲ. ಧ್ರುವದ ಮಂಜು ಕರಗುತ್ತಿರುವುದೂ, ಮಗು ನಿನ್ನೆಯಿಂದ ಕಕ್ಕ ಮಾಡದಿರುವುದೂ ಒಂದೇ ತೂಕ. ನಿಜ ಹೇಳಬೇಕೆಂದರೆ ಎರಡನೆಯದೇ ಸ್ವಲ್ಪ ಜಾಸ್ತಿ.

26 ವಾರದ ಹೆರಿಗೆ ರಜೆ ಮುಗಿದು ಮತ್ತೆ ಮುಂಬೈನ ಡೊಂಬಿವಲಿ ಲೋಕಲ್ ರೈಲು ಹತ್ತತೊಡಗಿದೆ. ಲೇಡೀಸ್ ಡಬ್ಬಾದಲ್ಲಿ ಬಟಾಣಿ ಸುಲಿಯುತ್ತಲೇ ಎಲ್ಲರೂ ಸಲಹೆ ಕೊಡುತ್ತಾರೆ. ಜಾಯಿಕಾಯಿ ತೇದು ನೆಕ್ಕಿಸು ಎಂದು ಒಬ್ಬರು, ಖಂಡಿತ ಬೇಡ ಎಂದು ಇನ್ನೊಬ್ಬರು. ಠಾಣೆ ಬರುವುದರೊಳಗೆ ಇಬ್ಬರಿಗೂ ಜಗಳ.

ನಾನು ಕಲಿಸುವುದು ಭೂಗೋಳ, ಕನ್ನಡ ಮಾಧ್ಯಮದಲ್ಲಿ. ನನ್ನ ಮಕ್ಕಳಲ್ಲಿ ಹೆಚ್ಚಿನವರ ಊರು ಕಲಬುರಗಿ, ವಿಜಯಪುರದ ಕಡೆ. ಆದರೂ ಮುಂಬೈನವರಲ್ವಾ, ಮಿಲಿಮೀಟರ್ ಎಂದರೆ ತಕ್ಷಣ ಗೊತ್ತಾಗುತ್ತದೆ. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಎಂದರೆ ಸಾಕು, ಆಗ ಹುಟ್ಟಿಯೇ ಇರದವರೂ ಮನೆಯಲ್ಲಿ ಕೇಳಿದ ಕತೆ ಶುರು ಮಾಡುತ್ತಾರೆ. ಡಿಗ್ರಿಗೆ ಮಾತ್ರ ಯಾರೂ ಹೆದರುವುದಿಲ್ಲ. 2015ರ ಪ್ಯಾರಿಸ್ ಒಪ್ಪಂದ, ಭೂಮಿಯ ಸರಾಸರಿ ಬಿಸಿ ಕಾರ್ಖಾನೆಗಳ ಕಾಲಕ್ಕೂ ಮೊದಲು ಇದ್ದದ್ದಕ್ಕಿಂತ ಒಂದೂವರೆ ಡಿಗ್ರಿಗೂ ಹೆಚ್ಚು ಏರದಂತೆ ನೋಡಿಕೊಳ್ಳುವ ಪ್ರಯತ್ನ ಎಂದೆಲ್ಲ ಹೇಳಿದರೆ, ಹಿಂದಿನ ಬೆಂಚಿನಿಂದ ಒಂದು ದನಿ: "ಒಂದೂವರಿ ಡಿಗ್ರಿ ಏನ್ ಮಹಾ ಬಿಡ್ರಿ ಟೀಚರ್, ಫ್ಯಾನ್ ಒಂದ್ ನಂಬರ್ ಜಾಸ್ತಿ ಮಾಡಿದ್ರ ಆತು."

ನನಗೂ ಅದು ಬರೀ ಬೋರ್ಡ್ ಮೇಲಿನ ಅಂಕಿಯಾಗಿತ್ತು. ಮಗಳಿಗೆ ಒಂದೂವರೆ ತಿಂಗಳಿನ ಲಸಿಕೆ ಹಾಕಿಸಿದ ರಾತ್ರಿ ಜ್ವರ ಬಂತು. ಜ್ವರ ಬರಬಹುದು ಎಂದು ನರ್ಸ್ ಮೊದಲೇ ಹೇಳಿದ್ದರು, ಡ್ರಾಪ್ಸ್ ಕೊಟ್ಟಿದ್ದರು. ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಅಮ್ಮನೂ "ಸೂಜಿ ಹಾಕಿಸಿದ ಮ್ಯಾಲೆ ಜ್ವರ ಬರೋದ, ನೀ ಮಲಕೋ" ಎಂದಳು. ಮಲಗುವುದು ಹೇಗೆ? ಮಧ್ಯಾಹ್ನ 37 ಇದ್ದದ್ದು ಈಗ 38.5. ಸದಾ ಒದೆಯುತ್ತಿದ್ದ ಕಾಲುಗಳು ಅಲುಗುತ್ತಿಲ್ಲ, ಹಾಲು ಬೇಡ, ಅಳುವುದಕ್ಕೂ ಜೀವವಿಲ್ಲ. ಫ್ಯಾನಿನ ಯಾವ ನಂಬರೂ ಉಪಯೋಗಕ್ಕೆ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಜ್ವರ ಇಳಿಯಿತು. ಥರ್ಮಾಮೀಟರ್ ಮಾತ್ರ ಇನ್ನೂ ದಿಂಬಿನ ಪಕ್ಕದಲ್ಲೇ ಇದೆ.

ಈ ಸಲ ತರಗತಿಯಲ್ಲಿ ಅದನ್ನೇ ಹೇಳಿದೆ. ಹೋಲಿಕೆ ಪೂರ್ತಿ ಸರಿಯಲ್ಲ, ಗೊತ್ತು. ಭೂಮಿಗೆ 37ರಂಥ ಒಂದು ಸರಿಯಾದ ಅಂಕಿ ಇಲ್ಲ. 2024ರಲ್ಲಿ ಮೊದಲ ಬಾರಿಗೆ ಇಡೀ ವರ್ಷದ ಸರಾಸರಿಯೇ ಆ ಒಂದೂವರೆಯನ್ನು ದಾಟಿತು, ಆದರೆ ಒಪ್ಪಂದದ ಲೆಕ್ಕಕ್ಕೆ ಒಂದು ವರ್ಷ ಸಾಲದು, ಹಲವು ವರ್ಷಗಳ ಸರಾಸರಿ ಬೇಕು. ಇಷ್ಟೆಲ್ಲ ಹೇಳಿದೆ. ಮಕ್ಕಳು ಕೇಳಿದ್ದು ಒಂದೇ: "ಪಾಪು ಈಗ ಆರಾಮೈತೇನ್ರಿ?"

ಪುಸ್ತಕಗಳಲ್ಲಿ ಹೆಚ್ಚಿನ ಮುನ್ಸೂಚನೆಗಳು 2100ಕ್ಕೆ ಬಂದು ನಿಲ್ಲುತ್ತವೆ. ಮೊದಲು ಅದು ಯಾರದೋ ಕಾಲ ಅನ್ನಿಸುತ್ತಿತ್ತು. ಈಗ ಲೆಕ್ಕ ಹಾಕುತ್ತೇನೆ. 2025ರಲ್ಲಿ ಹುಟ್ಟಿದ ನನ್ನ ಮಗಳಿಗೆ ಆಗ 75. ಮಂಡಿನೋವು ಎನ್ನುತ್ತಿರುತ್ತಾಳೆ, ಬೇಸಿಗೆಯನ್ನು ಬೈಯುತ್ತಿರುತ್ತಾಳೆ. ಹಲ್ಲು ಈಗಲೂ ಇಲ್ಲ, ಆಗಲೂ ಇರಲಿಕ್ಕಿಲ್ಲ. ನಿಮ್ಮ ನಿಮ್ಮ ವಯಸ್ಸು ಲೆಕ್ಕ ಹಾಕಿ ಎಂದು ತರಗತಿಗೂ ಹೇಳಿದೆ. ಫ್ಯಾನಿನ ಹುಡುಗ 2011ರವನು, 89 ಬಂತು. ಸ್ವಲ್ಪ ಹೊತ್ತು ಯೋಚಿಸಿ ಕೇಳಿದ: "ಆವಾಗರ ಲೋಕಲ್‌ನ್ಯಾಗ ಕೂಡಾಕ ಸೀಟ್ ಸಿಗತೈತೇನ್ರಿ ಟೀಚರ್?"

ಅದಕ್ಕೆ ಯಾವ ಪುಸ್ತಕದಲ್ಲೂ ಮುನ್ಸೂಚನೆ ಇಲ್ಲ ಎಂದೆ.