ತಲೆ ಬೋಳಿಸಿಕೊಂಡವನ ಐಡಿ ಬ್ಲಾಕ್

ರಾತ್ರಿ ಒಂಬತ್ತೂವರೆ. ಈಗಷ್ಟೇ ಮನೆಗೆ ಬಂದೆ, ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಬೀದಿ ಬೇಕರಿ ಮುಂದೆ ಡೆಲಿವರಿ ಹುಡುಗ ಒಬ್ಬ ಟ್ಯೂಬ್‌ಲೈಟ್ ಕೆಳಗೆ ನಿಂತು ತನ್ನ ಫೋಟೋ ತಾನೇ ತೆಗೀತಿದ್ದ. ತೆಗೀತಾನೆ, ಕಳಿಸ್ತಾನೆ, ಕಾಯ್ತಾನೆ, ಮತ್ತೆ ತೆಗೀತಾನೆ. ಲಿಂಗಸುಗೂರು ಕಡೆಯವನು. ಅಪ್ಪ ತೀರಿಕೊಂಡು ಹದಿನೈದು ದಿನ ಆಗಿದೆ, ತಲೆ ಬೋಳಿಸಿದ್ದಾನೆ. ಊರಿಂದ ವಾಪಸ್ ಬಂದು ಲಾಗಿನ್ ಆಗೋಕೆ ಹೋದ್ರೆ ಆಪ್ ಸೆಲ್ಫಿ ಕೇಳಿದೆ, ಮುಖ ಹೊಂದ್ತಿಲ್ಲ ಅಂದಿದೆ, ಐಡಿ ಬ್ಲಾಕ್ ಮಾಡಿದೆ. ಮತ್ತೆ ಫೋಟೋ ಕಳಿಸಿದ್ರೆ ಅರ್ಧ ನಿಮಿಷಕ್ಕೆ ತಿರಸ್ಕಾರ.

'ಫೋನ್ ಹಚ್ಚಿದ್ರ ಮಷೀನ್ ಮಾತಾಡ್ತದ ಅಕ್ಕಾ. ಮನುಷ್ಯಾರು ಒಬ್ಬರೂ ಸಿಗವಲ್ರು. ಯಾರಿಗೆ ಕೇಳಬೇಕ್ರಿ?'

ಯಾರನ್ನ ಕೇಳಬೇಕು? ನನ್ನ ಹತ್ರ ಉತ್ತರ ಇರಲಿಲ್ಲ.

ಇದು ಹೊಸದೂ ಅಲ್ಲ. 2021ರಲ್ಲಿ ಹೈದರಾಬಾದಿನ ಕ್ಯಾಬ್ ಡ್ರೈವರ್ ಒಬ್ಬರು ತಿರುಪತಿಯಲ್ಲಿ ಮುಡಿ ಕೊಟ್ಟು ಬಂದಾಗ ಇದೇ ಆಗಿ ಸುದ್ದಿಯಾಗಿತ್ತು. ಅಷ್ಟಾದ ಮೇಲೂ ಅಪ್ಪನ ಕರ್ಮ ಮುಗಿಸಿ ಬಂದವನ ಮುಖ ಮಷೀನಿಗೆ ಗುರುತು ಸಿಗಲ್ಲ ಅಂದ್ರೆ, ಆ ಮಷೀನಿನ ಕೈಗೆ ಅನ್ನ ಕಿತ್ಕೊಳ್ಳೋ ಅಧಿಕಾರ ಯಾಕೆ ಕೊಟ್ರಿ?

ಮಷೀನು ಜಾತಿ ನೋಡಲ್ಲ, ಲಂಚ ಕೇಳಲ್ಲ, ಸೂಪರ್‌ವೈಸರ್ ಥರ ಬೈಯಲ್ಲ ಅಂತ ಕೆಲವರು ಹೇಳ್ತಾರೆ. ಸೂಪರ್‌ವೈಸರ್ ಬಗ್ಗೆ ನನಗೆ ಹೇಳಬೇಡಿ. ಹನ್ನೆರಡು ವರ್ಷ ಗಾರ್ಮೆಂಟ್ಸ್‌ನಲ್ಲಿ ಬ್ಯಾಚ್ ನೋಡ್ಕೊಂಡವಳು ನಾನು. ಬೈದಿದ್ದೀನಿ, ಟಾರ್ಗೆಟ್‌ಗೋಸ್ಕರ ಬಾತ್‌ರೂಮಿಗೆ ಹೋದವರನ್ನ ಕೂಗಿ ಕರೆದಿದ್ದೀನಿ. ಒಂದ್ಸಲ ತಡವಾಗಿ ಬಂದ ಟೈಲರ್ ಒಬ್ಬಳಿಗೆ ಅರ್ಧ ದಿನ ಆಬ್ಸೆಂಟ್ ಹಾಕಿದ್ದೆ. ಮಾರನೇ ದಿನ ಜ್ವರದ ಮಗೂನ ಸೊಂಟದಲ್ಲಿ ಎತ್ಕೊಂಡು ಬಂದು ನನ್ನ ಟೇಬಲ್ ಮುಂದೆ ನಿಂತಳು. ಒಂದು ಮಾತೂ ಆಡಲಿಲ್ಲ. ಮಗುವಿನ ಕಣ್ಣು ಅರ್ಧ ಮುಚ್ಚಿತ್ತು. ಆಬ್ಸೆಂಟ್ ಹೊಡೆದುಹಾಕಿ ಸಹಿ ಮಾಡಿದೆ. ಇವತ್ತಿಗೂ ಆ ಮುಖ ನೆನಪಿದೆ ನನಗೆ. ಅವಳಿಗೆ ಬಂದು ನಿಲ್ಲೋಕೆ ಒಂದು ಟೇಬಲ್ ಇತ್ತು. ಈ ಹುಡುಗ ಎಲ್ಲಿ ಹೋಗಿ ನಿಲ್ಲಬೇಕು?

2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯೋ ನಿಯಮ ಬದಲಾದಾಗ ನಮ್ಮ ಹೆಣ್ಮಕ್ಕಳು ಹೊಸೂರು ರಸ್ತೆಗೇ ಇಳಿದ್ರು. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಆದೇಶ ವಾಪಸ್ ತಗೊಂಡಿತು. ಒಂದೇ ಗೇಟಲ್ಲಿ ಒಳಗೆ ಹೋಗಿ ಒಂದೇ ಗೇಟಲ್ಲಿ ಹೊರಗೆ ಬರ್ತಿದ್ದವರು, ಅದಕ್ಕೇ ಒಟ್ಟಾದ್ರು. ಈ ಹುಡುಗರಿಗೆ ಗೇಟೇ ಇಲ್ಲ. ಒಬ್ಬನ ಐಡಿ ಹೋಗಿದ್ದು ಪಕ್ಕದಲ್ಲಿ ಬೈಕ್ ನಿಲ್ಲಿಸಿದವನಿಗೂ ಗೊತ್ತಾಗಲ್ಲ.

ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ, ಅಂದ್ರೆ ಹೀಗೆ ಆಪ್ ಮೂಲಕ ದುಡಿಯೋರ, ಕಾಯ್ದೆ ಬಂತು. ಕೆಲಸದಿಂದ ತೆಗೆಯೋಕೆ ಮುಂಚೆ 14 ದಿನದ ನೋಟಿಸ್ ಕೊಡಬೇಕು, ಕಾರಣ ಬರೆದು ತಿಳಿಸಬೇಕು ಅಂತ ಅದರಲ್ಲಿದೆ. ಇವನಿಗೆ 14 ನಿಮಿಷವೂ ಸಿಕ್ಕಿಲ್ಲ. ಕೆಲಸದಿಂದ ತೆಗೆದಿದ್ದೀವಿ ಅಂತ ಹೇಳದೆ, ಬ್ಲಾಕ್‌ಗೆ 'ತಾತ್ಕಾಲಿಕ' ಅನ್ನೋ ಒಂದು ಪದ ಹಾಕಿ ಕೂರಿಸಿದ್ದಾರೆ. ಬಾಡಿಗೆ ಬೈಕಿನ ದುಡ್ಡು ಮಾತ್ರ ದಿನಾ ಕಟ್ಟಬೇಕು.

ಹೊರಡುವಾಗ ಕೇಳಿದ, 'ಕೂದಲು ಮೊದಲಿನಂಗ ಬೆಳಿಯಾಕ ಎಷ್ಟ್ ತಿಂಗಳು ಬೇಕಕ್ಕಾ?'

ಸೋಮವಾರ ಅವನನ್ನ ಕರ್ಕೊಂಡು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗ್ತಿದ್ದೀನಿ. ಇಂಥ ಕೇಸ್ ನೋಡಿರೋ ವಕೀಲರು, ಯೂನಿಯನ್‌ನವರು ಯಾರಾದ್ರೂ ಫ್ರೆಂಡ್ ಲಿಸ್ಟಲ್ಲಿದ್ರೆ ಇವತ್ತೇ ಇನ್‌ಬಾಕ್ಸ್ ಮಾಡಿ. ಎದ್ದಿರ್ತೀನಿ.