ಕೆಂಪೋ ಹಸಿರೋ, ಸಭಾಧ್ಯಕ್ಷರೇ?

ರಾಜ್ಯ ಪಕ್ಷಿ, ರಾಜ್ಯ ಪುಷ್ಪ, ರಾಜ್ಯ ವೃಕ್ಷ ಎಲ್ಲ ಕಡೆಯೂ ಇರುತ್ತವೆ. ಅಮೆರಿಕದ ನ್ಯೂ ಮೆಕ್ಸಿಕೊಗೆ ಅಷ್ಟು ಸಾಲದೆ ಒಂದು ರಾಜ್ಯ ಪ್ರಶ್ನೆಯೂ ಇದೆ. 1996ರಲ್ಲಿ ಅಲ್ಲಿನ ಶಾಸನಸಭೆ ವಿಧಿವತ್ತಾಗಿ ಅಂಗೀಕರಿಸಿದ ಆ ಪ್ರಶ್ನೆ ಇಷ್ಟೇ: ‘ಕೆಂಪೋ, ಹಸಿರೋ?’

ಬಡತನದ ಬಗೆಗೋ ಶಾಲೆಗಳ ಬಗೆಗೋ ಇರಬಹುದೆಂದು ಊಹಿಸಿದವರು ಅಲ್ಲಿ ಬೆಳಗಿನ ತಿಂಡಿ ತಿಂದವರಲ್ಲ. ಆಲ್ಬುಕರ್ಕಿಯ ಯಾವುದೇ ಉಪಾಹಾರ ಗೃಹಕ್ಕೆ ಹೋಗಿ, ಒಂದೇ ಹೆಸರಿನಲ್ಲಿ ಊರೂರಲ್ಲಿ ಬಾಗಿಲು ತೆರೆದಿರುವ ಸ್ಥಳೀಯ ಹೋಟೆಲುಗಳಿಗೇ ಹೋಗಿ, ಎರಡು ಮೊಟ್ಟೆ, ಹುರಿದ ಆಲೂಗಡ್ಡೆ, ಬೇಯಿಸಿದ ಪಿಂಟೊ ಕಾಳು, ಟಾರ್ಟಿಯಾ ಎಂಬ ತೆಳು ರೊಟ್ಟಿ ಕೇಳಿ. ಬಡಿಸುವಾಕೆ ಪೆನ್ಸಿಲನ್ನು ಕಾಗದಕ್ಕೆ ಒತ್ತಿ ಹಿಡಿದು ರಾಜ್ಯದ ಪರವಾಗಿ ಪ್ರಶ್ನೆ ಹಾಕುತ್ತಾಳೆ. ತಟ್ಟೆಯ ಮೇಲೆ ಸುರಿಯುವ ಮೆಣಸಿನಕಾಯಿ ಗೊಜ್ಜು ಯಾವ ಬಣ್ಣದ್ದಿರಬೇಕು? ಎರಡೂ ಬೇಕೆಂದರೆ ಆ ಹಬ್ಬದ ಅಲಂಕಾರದ ಬಣ್ಣಗಳ ನೆನಪಿನಲ್ಲಿ ‘ಕ್ರಿಸ್‌ಮಸ್’ ಅನ್ನಬೇಕು, ಜುಲೈ ತಿಂಗಳಾದರೂ ಸರಿ. ಈ ಉತ್ತರಕ್ಕೂ ಆಮೇಲೆ ಅಧಿಕೃತ ಮಾನ್ಯತೆ ಸಿಕ್ಕಿದೆ. ಪ್ರಶ್ನೆಪತ್ರಿಕೆಯನ್ನೂ ಉತ್ತರವನ್ನೂ ಸರ್ಕಾರವೇ ಹಂಚುವ ಪರೀಕ್ಷೆ ಇದೊಂದೇ ಇರಬೇಕು. ನಮ್ಮಲ್ಲಿ ಆ ಕೆಲಸವನ್ನು ಬೇರೆಯವರು ಗುಟ್ಟಾಗಿ ಮಾಡುತ್ತಾರೆ.

ಬೆಂಗಳೂರಿನ ದರ್ಶಿನಿಗಳಲ್ಲಿ ‘ಸಾಂಬಾರ್ ಮುಳುಗಿಸಿ ಕೊಡಲೋ, ಬೇರೆ ಕೊಡಲೋ?’ ಎಂಬ ಪ್ರಶ್ನೆಗೆ ದಶಕಗಳ ಇತಿಹಾಸವಿದ್ದರೂ ವಿಧಾನಸೌಧ ಈವರೆಗೆ ಒಂದು ಠರಾವನ್ನೂ ಮಾಡಿಲ್ಲ. ಕನ್ನಡಿಗರು ಹಿಂದುಳಿಯುವುದು ಹೀಗೆ.

ಇನ್ನೂ ಸ್ವಾರಸ್ಯವೆಂದರೆ, ಕೆಂಪು ಮತ್ತು ಹಸಿರು ಒಂದೇ ಗಿಡದ ಒಂದೇ ಕಾಯಿ. ಎಳೆಯದರಲ್ಲಿ ಕಿತ್ತರೆ ಹಸಿರು, ಹಣ್ಣಾಗಲು ಬಿಟ್ಟರೆ ಕೆಂಪು. ಇಷ್ಟರ ಮೇಲೆ ಮನೆಗಳಲ್ಲಿ ಪಂಗಡಗಳಾಗಿವೆ, ಗಂಡ ಹಸಿರಾದರೆ ಹೆಂಡತಿ ಕೆಂಪು. ಒಂದೇ ಕಾಯಿ ಇಂದು ಒಂದು ಬಣ್ಣ, ನಾಳೆ ಇನ್ನೊಂದು ಬಣ್ಣ ತೋರಿಸುವುದನ್ನು ರೆಸಾರ್ಟ್ ರಾಜಕೀಯ ಕಂಡ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಳಗಿದ ಗಿರಾಕಿಗಳು ಬಣ್ಣದ ಗೋಜಿಗೆ ಹೋಗದೆ ‘ಇವತ್ತು ಯಾವುದು ಖಾರ?’ ಎಂದು ಮರುಪ್ರಶ್ನೆ ಹಾಕುತ್ತಾರೆ. ಇಡೀ ವ್ಯವಸ್ಥೆಯಲ್ಲಿ ಅರ್ಥವಿರುವ ಪ್ರಶ್ನೆ ಅದೊಂದೇ. ಅದಕ್ಕೇ ಇರಬೇಕು, ಅದಿನ್ನೂ ಅಧಿಕೃತವಾಗಿಲ್ಲ.

ಮೆಣಸಿನಕಾಯಿಯ ಮೆರವಣಿಗೆ ಶುರುವಾದದ್ದು 1965ರಲ್ಲಿ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹಣ್ಣಾದ ಅದನ್ನು ಆ ವರ್ಷ ರಾಜ್ಯ ತರಕಾರಿ ಮಾಡಿದರು. 2011ರಲ್ಲಿ, ಹೊರಗೆ ಬೆಳೆದದ್ದನ್ನು ನ್ಯೂ ಮೆಕ್ಸಿಕೊ ಮೆಣಸಿನಕಾಯಿ ಎಂದು ಮಾರುವಂತಿಲ್ಲ ಎಂಬ ಕಾನೂನು ಬಂತು. 2017ರಲ್ಲಿ ಕಾರಿನ ನಂಬರ್ ಫಲಕಕ್ಕೆ ‘ಜಗತ್ತಿನ ಮೆಣಸಿನಕಾಯಿ ರಾಜಧಾನಿ’ ಎಂಬ ಬಿರುದು ಏರಿತು. 2019ರಲ್ಲಿ ಪಕ್ಕದ ಕೊಲರಾಡೊದ ರಾಜ್ಯಪಾಲರಿಗೂ ಇಲ್ಲಿನ ರಾಜ್ಯಪಾಲೆಗೂ ಯಾರ ಮೆಣಸಿನಕಾಯಿ ಮೇಲು ಎಂದು ಸಾಮಾಜಿಕ ಜಾಲತಾಣದಲ್ಲಿ ಜಟಾಪಟಿ ನಡೆಯಿತು. 2023ರಲ್ಲಿ, ಲಾಸ್ ಕ್ರೂಸಸ್‌ನ ಐದನೆಯ ತರಗತಿಯ ಮಕ್ಕಳ ಸಲಹೆಯಂತೆ, ಹಸಿರು ಮೆಣಸಿನಕಾಯಿ ಸುಡುವ ವಾಸನೆ ರಾಜ್ಯದ ಅಧಿಕೃತ ಪರಿಮಳವಾಯಿತು. ಅಮೆರಿಕದಲ್ಲಿ ಪರಿಮಳಕ್ಕೆ ಶಾಸನ ಮಾಡಿದ ಮೊದಲ ರಾಜ್ಯ ಇದು. ಮಕ್ಕಳನ್ನು ದೂರುವಂತಿಲ್ಲ, ಶಾಸಕರು ಏನು ಮಾಡಬಲ್ಲರು ಎಂಬುದನ್ನು ಅವರು ಸರಿಯಾಗಿಯೇ ಅಂದಾಜಿಸಿದ್ದರು. ನಮ್ಮ ಅಡುಗೆಮನೆಯಲ್ಲಿ ನಾಲ್ಕು ಒಣಮೆಣಸಿನಕಾಯಿ ಹುರಿದರೆ ಪಕ್ಕದ ಮನೆಯವರು ಕೆಮ್ಮುತ್ತ ಜಗಳಕ್ಕೆ ಬರುತ್ತಾರೆ.

ಬಿರುದುಗಳು ಹೀಗೆ ಏರುತ್ತಿರುವಾಗ ಹೊಲ ಏನಾಯಿತು? 1990ರ ದಶಕದ ಆರಂಭದಲ್ಲಿ ಈ ರಾಜ್ಯದಲ್ಲಿ 30 ಸಾವಿರ ಎಕರೆಗೂ ಹೆಚ್ಚು ಮೆಣಸಿನಕಾಯಿ ಬೆಳೆಯುತ್ತಿದ್ದರು. ಈಚಿನ ವರ್ಷಗಳಲ್ಲಿ ಅದು 10 ಸಾವಿರ ಎಕರೆಯನ್ನೂ ಮುಟ್ಟುತ್ತಿಲ್ಲ. ಕಾಯಿ ಬಿಡಿಸಲು ಆಳುಗಳಿಲ್ಲ, ಕಾಲುವೆಗೆ ನೀರಿಲ್ಲ, ಗಡಿಯಾಚೆಯ ಮೆಕ್ಸಿಕೊದಿಂದ ಅಗ್ಗದ ಮಾಲು ಬರುತ್ತದೆ. ಗೌರವ ಒಂದೊಂದು ಮೆಟ್ಟಿಲು ಏರಿದಂತೆ ಬೆಳೆ ಒಂದೊಂದು ಹೊಲದಿಂದ ಇಳಿದಿದೆ. ಹತ್ತಿಪ್ಪತ್ತು ವರ್ಷ ಹೀಗೇ ನಡೆದರೆ ಪ್ರಶ್ನೆ, ಉತ್ತರ, ಪರಿಮಳ ಮೂರೂ ಇದ್ದು ಕಾಯಿ ಮಾತ್ರ ಇರದ ರಾಜ್ಯವಾದೀತು.

ಬ್ಯಾಡಗಿಯವರಿಗೆ ಈ ಕಥೆ ಹೊಸದೇನಲ್ಲ. 2011ರಲ್ಲಿ ಅಲ್ಲಿನ ಮೆಣಸಿನಕಾಯಿಗೂ ಭೌಗೋಳಿಕ ಮಾನ್ಯತೆ ಬಂತು, ಪ್ರಮಾಣಪತ್ರಕ್ಕೆ ಚೌಕಟ್ಟು ಬಂತು. 2024ರ ಮಾರ್ಚ್‌ನಲ್ಲಿ ಬೆಲೆ ಕುಸಿದಾಗ ಅದೇ ಊರಿನ ಮಾರುಕಟ್ಟೆಯ ಆವರಣದಲ್ಲಿ ವಾಹನಗಳು ಹೊತ್ತಿ ಉರಿದವು. ಆ ಹೊಗೆಯನ್ನು ಯಾರೂ ಅಧಿಕೃತ ಪರಿಮಳವೆಂದು ಘೋಷಿಸಲಿಲ್ಲ.

ಆಲ್ಬುಕರ್ಕಿಯ ಹೋಟೆಲಿನಲ್ಲಿ ಪಕ್ಕದ ಮೇಜಿನ ಪ್ರವಾಸಿಯೊಬ್ಬರು ಮೊದಲ ತುತ್ತಿಗೇ ಬಿಕ್ಕಳಿಸಲು ತೊಡಗಿದರೆ ಗಾಬರಿಯಾಗಬೇಡಿ. ಮುಂದಿನ ಅಧಿವೇಶನದವರೆಗೂ ಅದು ಖಾಸಗಿ ಬಿಕ್ಕಳಿಕೆ.