ಉಳಿಸಿ ಉಳಿಸಿ ಜೇಬು ಖಾಲಿ

ಪಾತ್ರೆ ತಿಕ್ಕುವ ಸೋಪು ತರಲು ಹೋದವನು, ಟೈಲ್ಸ್ ಕೂರಿಸುವವರು ಮಂಡಿಗೆ ಕಟ್ಟಿಕೊಳ್ಳುತ್ತಾರಲ್ಲ, ಆ ಪ್ಯಾಡ್ ತೆಗೆದುಕೊಂಡು ಮನೆಗೆ ಬಂದೆ. ಸೋಪು ಮರೆತೇ ಹೋಗಿತ್ತು.

"ಟೈಲ್ಸ್ ಯಾರು ಹಾಕ್ತಾರ್ರೀ ನಮ್ಮನೇಲಿ?" ಎಂದಳು ಹೆಂಡತಿ.

ನ್ಯಾಯವಾದ ಪ್ರಶ್ನೆ. ನಾನು ಗೋಡೆಗೆ ಮೊಳೆ ಹೊಡೆದರೆ ಮೊಳೆ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಗೋಡೆಯೊಳಗೆ ಹೋಗುತ್ತದೆ. ಹಾಗಂತ ಸೋಲೊಪ್ಪಿಕೊಳ್ಳಲು ಆಗುತ್ತಾ? "ಅರ್ಧಕ್ಕರ್ಧ ಬೆಲೆ ಕಣೇ, ಅರ್ಧ ದುಡ್ಡು ಉಳೀತು" ಎಂದೆ. ಅವಳು ಕೈ ಚಾಚಿದಳು. "ಸರಿ, ಆ ಉಳಿದ ಅರ್ಧ ಕೊಡಿ. ಸೋಪು ನಾನೇ ತರ್ತೀನಿ."

ಜೇಬು ತಡಕಿದೆ. ಟ್ರಾಲಿಗೆ ಹಾಕಿ ವಾಪಸ್ ತೆಗೆದುಕೊಂಡ ಒಂದು ನಾಣ್ಯ ಇತ್ತು. ಮೊಳದುದ್ದದ ಬಿಲ್ಲು ಇತ್ತು. ಉಳಿದ ದುಡ್ಡು ಮಾತ್ರ ಇರಲಿಲ್ಲ. ಅವತ್ತಿನಿಂದ ನನಗೊಂದು ಹುಚ್ಚು ಹಿಡಿದಿದೆ. ಜಗತ್ತಿನ ಸೂಪರ್ ಮಾರ್ಕೆಟ್‌ಗಳೆಲ್ಲ ಬೆಳಗಿನಿಂದ ರಾತ್ರಿವರೆಗೆ ನಮಗೆ ಉಳಿಸಿ ಉಳಿಸಿ ಕೊಡುತ್ತಿವೆಯಲ್ಲ, ಆ ದುಡ್ಡೆಲ್ಲ ಎಲ್ಲಿ ಹೋಗಿ ಕೂತಿದೆ?

ಮೊದಲು ಅಗ್ಗದ ಅಂಗಡಿಯನ್ನೇ ನೋಡೋಣ. ಈ ಬಗೆಯ ಅಂಗಡಿಗೆ ಮೂಲಪುರುಷರು ಜರ್ಮನಿಯ ಎಸ್ಸೆನ್ ಊರಿನ ಕಾರ್ಲ್ ಮತ್ತು ಥಿಯೋ ಆಲ್ಬ್ರೆಕ್ಟ್ ಎಂಬ ಅಣ್ಣತಮ್ಮಂದಿರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮ್ಮನ ಅಂಗಡಿ ವಹಿಸಿಕೊಂಡರು. ಅಲಂಕಾರ ಬೇಡ, ಹತ್ತು ಬಗೆಯ ಮಾಲು ಬೇಡ, ರಟ್ಟಿನ ಡಬ್ಬದಿಂದ ಸಾಮಾನು ತೆಗೆದು ಜೋಡಿಸುವುದೂ ಬೇಡ ಎಂದು ಒಂದೊಂದೇ ಕಿತ್ತು ಹಾಕುತ್ತಾ ಹೋಗಿ, ಕೊನೆಗೆ ಆಲ್ಬ್ರೆಕ್ಟ್ ಡಿಸ್ಕೌಂಟ್ ಅನ್ನುವುದನ್ನೂ ಕತ್ತರಿಸಿ 1962ರಲ್ಲಿ ಆಲ್ಡಿ ಮಾಡಿದರು. ಬೋರ್ಡಿನ ಮೇಲೂ ಅಕ್ಷರ ಉಳಿತಾಯ! ಅಷ್ಟರಲ್ಲಿ ಸಿಗರೇಟು ಮಾರಬೇಕೋ ಬೇಡವೋ ಅಂತ ಇಬ್ಬರಿಗೂ ಜಗಳ ಹತ್ತಿ, ಉತ್ತರ ಒಬ್ಬನಿಗೆ, ದಕ್ಷಿಣ ಇನ್ನೊಬ್ಬನಿಗೆ ಎಂದು ಪಾಲಾಗಿತ್ತು. ಎಲ್ಲದರಲ್ಲೂ ಒಂದೇ ಸಾಕು ಅಂದವರಿಗೆ ಆಲ್ಡಿ ಮಾತ್ರ ಎರಡು ಬೇಕಾಯಿತು.

ಇಂಥ ಅಂಗಡಿಯ ಬಾಗಿಲಲ್ಲೇ ಪರೀಕ್ಷೆ. ಟ್ರಾಲಿಗಳನ್ನು ಸರಪಳಿ ಹಾಕಿ ಕಟ್ಟಿರುತ್ತಾರೆ. ನಾಣ್ಯ ತೂರಿಸಿದರೆ ಬಿಡುಗಡೆ. ಈ ಟ್ರಾಲಿಯ ಕಥೆಯೇ ಒಂದು ತಮಾಷೆ ನೋಡಿ. ಅಮೆರಿಕದ ಓಕ್ಲಹೋಮಾ ಸಿಟಿಯಲ್ಲಿ ಸಿಲ್ವನ್ ಗೋಲ್ಡ್‌ಮನ್ ಎಂಬ ಅಂಗಡಿಯವನು 1937ರಲ್ಲಿ ಮೊದಲ ಬಾರಿ ಟ್ರಾಲಿ ತಂದಿಟ್ಟಾಗ ಯಾರೂ ಮುಟ್ಟಲಿಲ್ಲ. ಕೊನೆಗೆ ಆತ ಕೆಲವರನ್ನು ಸಂಬಳಕ್ಕಿಟ್ಟು, ಗಿರಾಕಿಗಳ ಹಾಗೆ ಅಂಗಡಿ ತುಂಬಾ ಟ್ರಾಲಿ ತಳ್ಳಿಸಿದ. ಅಂದು ದುಡ್ಡು ಕೊಟ್ಟು ತಳ್ಳಿಸಿದ್ದನ್ನು ಇಂದು ನಾವು ಠೇವಣಿ ಇಟ್ಟು ತಳ್ಳುತ್ತೇವೆ. ದೊಡ್ಡ ಕಾರಿನಲ್ಲಿ ಬಂದ ಮನುಷ್ಯ, ಮಳೆಯಲ್ಲಿ ನೆನೆಯುತ್ತಾ, ಆ ಒಂದು ನಾಣ್ಯಕ್ಕಾಗಿ ಪಾರ್ಕಿಂಗಿನ ಈ ತುದಿಯಿಂದ ಆ ತುದಿಗೆ ಓಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನ ಹಿಂದೆಯೇ ನಾನೂ ಓಡುತ್ತಿದ್ದೆ, ಹಾಗಾಗಿ ಚೆನ್ನಾಗಿ ಕಾಣಿಸಿತು.

ಒಳಗೆ ಆಯ್ಕೆಯ ತಲೆನೋವಿಲ್ಲ. ದೊಡ್ಡ ಸೂಪರ್ ಮಾರ್ಕೆಟ್ಟಿನಲ್ಲಿ ಮೂವತ್ತು ಸಾವಿರ ಬಗೆಯ ಸಾಮಾನು ಇರುವ ಕಡೆ ಇಲ್ಲಿ ಎರಡು ಸಾವಿರದ ಆಸುಪಾಸು. ಸೋಪು ಬೇಕಾ? ಇದೇ ಸೋಪು. ಬೇಡವಾ? ಮುಂದೆ ನಡೀರಿ. ನಿಜ ಹೇಳಬೇಕೆಂದರೆ ಇದು ನನಗೆ ಇಷ್ಟ. ಬೆಲೆಯೂ ನಿಜವಾಗಿ ಕಡಿಮೆ, ಅದರಲ್ಲಿ ಮೋಸವಿಲ್ಲ. ಮೋಸ ಏನಿದ್ದರೂ ನಡುವಿನ ಸಾಲಿನಲ್ಲಿ. ಅಲ್ಲಿ ಈ ವಾರ ಇದ್ದದ್ದು ಮುಂದಿನ ವಾರ ಇರುವುದಿಲ್ಲ. ಹಿಮದಲ್ಲಿ ಜಾರುವವರ ಕೈಗವಸು, ಗಾಳಿ ತುಂಬುವ ದೋಣಿ, ವೆಲ್ಡಿಂಗ್ ಮಾಡುವವರ ಮುಖವಾಡ, ಮಂಡಿ ಪ್ಯಾಡ್. ಎರಡೇ ಎರಡು ಜೊತೆ ಉಳಿದಿದ್ದವು. ಪಕ್ಕದಲ್ಲಿದ್ದ ಹೆಂಗಸು ಒಂದು ಜೊತೆ ಎತ್ತಿಕೊಂಡರು. ಇನ್ನೇನು ಮಾಡಲಿ ಹೇಳಿ, ಬಿಟ್ಟು ಬರಲು ನಾನೇನು ಸನ್ಯಾಸಿಯಾ?

ಬಿಲ್ ಕೌಂಟರಿನಲ್ಲಿ ಇನ್ನೊಂದು ರಾದ್ಧಾಂತ. ಅಲ್ಲಿ ಕೂತ ಹುಡುಗಿ ಸಾಮಾನು ಸ್ಕ್ಯಾನ್ ಮಾಡುವುದಿಲ್ಲ, ಎಸೆಯುತ್ತಾಳೆ. ಪ್ಯಾಕೆಟ್ಟಿನ ನಾಲ್ಕೂ ಕಡೆ ಬಾರ್‌ಕೋಡ್ ಬಳಿದಿರುತ್ತಾರೆ, ತಿರುಗಿಸಿ ನೋಡುವ ಸಮಯವೂ ಉಳಿಯಲಿ ಅಂತ. ನಾನು ಚೀಲದ ಬಾಯಿ ಬಿಡಿಸುವಷ್ಟರಲ್ಲಿ ಮನೆ ಸಾಮಾನೆಲ್ಲ ಗುಡ್ಡೆಯಾಗಿ, ಹಿಂದಿನವರ ಸಾಮಾನು ಅದರ ಮೇಲೆ ಬರಲು ಶುರು. ಜರ್ಮನಿಯ ಆಲ್ಡಿಗಳಲ್ಲಿ ಸುಮಾರು 2000ನೇ ಇಸವಿಯವರೆಗೂ ಸ್ಕ್ಯಾನರ್ ಇರಲಿಲ್ಲ, ಬೆಲೆಗಳೆಲ್ಲ ಕ್ಯಾಷಿಯರ್‌ಗಳಿಗೆ ಬಾಯಿಪಾಠ. ಆ ಬಾಯಿಪಾಠದವರು ಇನ್ನೂ ಜೋರಾಗಿದ್ದರಂತೆ. ಆಗಿನ ಗಿರಾಕಿಗಳನ್ನು ನೆನೆದರೆ ಅಯ್ಯೋ ಅನಿಸುತ್ತದೆ.

ಈಗ ದೊಡ್ಡ ಸರಪಳಿ ಅಂಗಡಿಗೆ ಬನ್ನಿ. ಇಲ್ಲಿ ಯಾರೂ ಏನನ್ನೂ ಎಸೆಯುವುದಿಲ್ಲ. ಮೆತ್ತನೆಯ ಸಂಗೀತ, ಹದವಾದ ಬೆಳಕು, ಸೋಪಿಗೇ ಒಂದು ಬೀದಿ. ಪ್ರತಿ ಸೋಪಿಗೂ ಎರಡು ಬೆಲೆ. ಒಂದು ಕಾರ್ಡ್ ಇದ್ದವರಿಗೆ, ಇನ್ನೊಂದು ಇಲ್ಲದವರಿಗೆ. ಕಾರ್ಡ್ ಪುಕ್ಕಟೆ. ನಿಮ್ಮ ಹೆಸರು, ಹುಟ್ಟಿದ ದಿನ, ಫೋನ್ ನಂಬರು ಕೊಟ್ಟು, ವಾರಕ್ಕೆ ಎಷ್ಟು ಸೋಪು ತಿಕ್ಕುತ್ತೀರಿ ಎನ್ನುವುದನ್ನು ಜೀವನಪೂರ್ತಿ ಒಪ್ಪಿಸುತ್ತಾ ಇದ್ದರೆ ಸಾಕು. ಬ್ರಿಟನ್ನಿನಲ್ಲಿ ಟೆಸ್ಕೋ 1995ರಲ್ಲಿ ಕ್ಲಬ್‌ಕಾರ್ಡ್ ತಂದಾಗ ಅದು ಬಂದವರಿಗೆ ಕೊಡುವ ಉಡುಗೊರೆಯಾಗಿತ್ತು, ಪಾಯಿಂಟ್ ಸೇರಿಸಿ ಕೂಪನ್ ಪಡೆಯುವುದು. ಈಗ ಅದೇ ಕಾರ್ಡು ಮಾಮೂಲಿ ಬೆಲೆಗೆ ಸಿಗುವ ಪಾಸ್‌ಪೋರ್ಟ್ ಆಗಿದೆ. ಕಾರ್ಡ್ ಇಲ್ಲದವನು ಕೊಡುವುದನ್ನು ಬೆಲೆ ಅನ್ನಬೇಡಿ, ಅದು ದಂಡ. ದಂಡ ಕಟ್ಟಲಿಲ್ಲವಲ್ಲ ಎಂಬ ಸಮಾಧಾನಕ್ಕೆ ಇವರು ಇಟ್ಟ ಹೆಸರು ಉಳಿತಾಯ!

ಕೆಲಸವೂ ನಮ್ಮದೇ. ಹಿಂದೆ ಅಂಗಡಿಯವನು ಸಾಮಾನು ತೆಗೆದು ಕೈಗೆ ಕೊಡುತ್ತಿದ್ದ. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಅಂಗಡಿ ತೆರೆದು ಆ ಕೆಲಸ ಗಿರಾಕಿಯ ತಲೆಗೆ ಕಟ್ಟಿದ. ಈಗ ಬಿಲ್ ಮಾಡುವ ಕೆಲಸವನ್ನೂ ಕಟ್ಟಿದ್ದಾರೆ. ಮಷಿನ್ ಮುಂದೆ ನಿಂತು ನಾನೇ ಸ್ಕ್ಯಾನ್ ಮಾಡಬೇಕು, ಅದು ನನ್ನನ್ನೇ ಕಳ್ಳ ಎಂದು ಕೆಂಪು ದೀಪ ಹಾಕಬೇಕು. ಆರು ಮಷಿನ್‌ಗೆ ಒಬ್ಬ ಹುಡುಗ. ನಾನು ಸಂಬಳವಿಲ್ಲದ ನೌಕರ, ಅವನು ನನ್ನ ಮೇಲಿನ ಸೂಪರ್‌ವೈಸರ್.

ಆದರೆ ಇದೆಲ್ಲಕ್ಕಿಂತ ದೊಡ್ಡ ನಾಟಕ ಬೇರೆ ಇದೆ. ಅಗ್ಗದವರ ಕಡೆ ಜನ ಜಾಸ್ತಿ ಹೋಗಲು ಶುರುವಾದ ಮೇಲೆ ದೊಡ್ಡವರಿಗೆ ನಿದ್ದೆ ಹೋಯಿತು. ಟೆಸ್ಕೋ 2018ರಲ್ಲಿ ತನ್ನ ಸ್ಥಾಪಕ ಜ್ಯಾಕ್ ಕೋಹೆನ್ ಹೆಸರಿನಲ್ಲಿ ಜ್ಯಾಕ್ಸ್ ಅಂತ ಬೇರೆಯೇ ಅಗ್ಗದ ಅಂಗಡಿ ತೆರೆಯಿತು. ಶ್ರೀಮಂತ ಹರಕು ಅಂಗಿ ಹಾಕಿಕೊಂಡು ಬೀದಿಗೆ ಬಂದ ಹಾಗೆ. ಜನ ಒಂದು ಸಲ ನೋಡಿ ನಕ್ಕು, ನಿಜವಾದ ಹರಕು ಅಂಗಿಯವನ ಹತ್ತಿರವೇ ಹೋದರು. 2022ಕ್ಕೆ ಜ್ಯಾಕ್ಸ್ ಮುಚ್ಚಿತು. ಇತ್ತ 2020ರಿಂದ ಅದೇ ಟೆಸ್ಕೋ ತನ್ನ ಶೆಲ್ಫಿನ ಮೇಲೆ "ಆಲ್ಡಿ ಪ್ರೈಸ್ ಮ್ಯಾಚ್" ಎಂದು ಚೀಟಿ ಅಂಟಿಸುತ್ತಿದೆ. ಸ್ವಲ್ಪ ಯೋಚನೆ ಮಾಡಿ. ತನ್ನ ಅಂಗಡಿಯೊಳಗೆ, ತನ್ನ ಖರ್ಚಿನಲ್ಲಿ, ಎದುರಾಳಿಯ ಹೆಸರನ್ನು ತಾನೇ ಬರೆದು ತೂಗುಹಾಕುವುದು! "ನಮ್ಮ ಹುಡುಗನಿಗೂ ಪಕ್ಕದ ಮನೆ ಹುಡುಗನಷ್ಟೇ ಮಾರ್ಕ್ಸ್ ಬಂದಿದೆ" ಎಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ ಹಾಗೆ. ಯಾವ ಸಬ್ಜೆಕ್ಟಿನಲ್ಲಿ ಅಂತ ಮಾತ್ರ ಕೇಳಬಾರದು. ಏಕೆಂದರೆ ಸರಿಸಮದ ಬೆಲೆ ಎಲ್ಲ ಸಾಮಾನಿಗಲ್ಲ, ಆರಿಸಿದ ಕೆಲವಕ್ಕೆ.

ಅತ್ತ ಅಗ್ಗದವರೂ ಸುಮ್ನೆ ಕೂತಿಲ್ಲ. ಜರ್ಮನಿಯದೇ ಇನ್ನೊಂದು ಅಗ್ಗದ ಅಂಗಡಿ ಲಿಡ್ಲ್ ಆ್ಯಪ್ ಮಾಡಿದೆ, ಕೂಪನ್ ಕೊಡುತ್ತಿದೆ. ಇನ್ನು ಫ್ರಾನ್ಸಿನ ದೊಡ್ಡ ಸರಪಳಿ ಅಂಗಡಿ ಕ್ಯಾರ್ಫೂರ್ 2023ರಲ್ಲಿ ಇನ್ನೊಂದು ಮಾಡಿತು. ತೂಕ ಕಡಿಮೆಯಾಗಿಯೂ ಬೆಲೆ ಏರಿದ ಪ್ಯಾಕೆಟ್‌ಗಳ ಕೆಳಗೆ "ಇದು ಚಿಕ್ಕದಾಗಿದೆ, ಆದರೆ ದುಬಾರಿಯಾಗಿದೆ" ಎಂಬರ್ಥದ ಚೀಟಿ ಹಾಕಿತು. ಶಭಾಷ್ ಅಂದುಕೊಂಡೆ. ಆಮೇಲೆ ನೋಡಿದರೆ ಅದೇ ಪ್ಯಾಕೆಟ್ಟು ಅದೇ ಚೀಟಿಯ ಮೇಲೆ ಮಾರಾಟಕ್ಕೂ ಇತ್ತು.

ಗಿರಾಕಿಗಳಾದ ನಾವೇನು ಕಡಿಮೆಯಾ? ನನ್ನ ಗೆಳೆಯನೊಬ್ಬ ಮೊದಲೆಲ್ಲ ಅಗ್ಗದ ಅಂಗಡಿಯ ಸಾಮಾನನ್ನು ದುಬಾರಿ ಅಂಗಡಿಯ ಚೀಲದಲ್ಲಿ ತುಂಬಿ ತರುತ್ತಿದ್ದ, ಯಾರಾದರೂ ನೋಡಿಯಾರು ಅಂತ. ಈಗ ಕಾಲ ತಿರುಗಿದೆ. ಅಗ್ಗಕ್ಕೆ ತಂದೆ ಎನ್ನುವುದೇ ಜಾಣತನ. ಹಾಗಾಗಿ ದುಬಾರಿ ಅಂಗಡಿಯ ಸಾಮಾನನ್ನು ಅಗ್ಗದ ಅಂಗಡಿಯ ಚೀಲದಲ್ಲಿ ತರುತ್ತಾನೆ. ಕಾರಿದೆ, ಪೆಟ್ರೋಲಿದೆ, ಭಾನುವಾರವಿದೆ, ಮೂರು ಅಂಗಡಿ ಸುತ್ತುತ್ತಾನೆ, ಎರಡು ತಿಂಗಳಿಗಾಗುವಷ್ಟು ತಂದು ಗ್ಯಾರೇಜಿನಲ್ಲಿ ಒಟ್ಟುತ್ತಾನೆ. ಅವನ ಮನೆ ಕೆಲಸಕ್ಕೆ ಬರುವ ಹೆಂಗಸಿಗೆ ಕಾರೂ ಇಲ್ಲ, ಆ್ಯಪ್ ಇರುವ ಫೋನೂ ಇಲ್ಲ. ಬಸ್ಸಿಳಿದು, ಮನೆ ಪಕ್ಕದ ಸಣ್ಣ ಅಂಗಡಿಯಲ್ಲಿ, ಒಂದು ದಿನಕ್ಕೆ ಬೇಕಾದಷ್ಟನ್ನು ಎಲ್ಲರಿಗಿಂತ ಜಾಸ್ತಿ ಬೆಲೆಗೆ ಕೊಳ್ಳುತ್ತಾಳೆ. ಉಳಿಸುವುದನ್ನು ಕಲಿಯಬೇಕು ಅಂತ ಗೆಳೆಯ ಅವಳಿಗೆ ಬುದ್ಧಿ ಹೇಳುತ್ತಿರುತ್ತಾನೆ.

ಇರಲಿ, ನನ್ನ ಸೋಪಿನ ಕಥೆಗೆ ಬರುತ್ತೇನೆ. ಮರುದಿನ ದೊಡ್ಡ ಅಂಗಡಿಗೇ ಹೋದೆ. ಕಣ್ಣಿನ ಎತ್ತರಕ್ಕೆ ದುಬಾರಿ ಸೋಪುಗಳು ನಗುತ್ತಾ ನಿಂತಿದ್ದವು. ಅಂಗಡಿಯದ್ದೇ ಸ್ವಂತ ಹೆಸರಿನ ಅಗ್ಗದ ಸೋಪು ಇರುವುದು ಕಟ್ಟಕಡೆಯ ಶೆಲ್ಫಿನಲ್ಲಿ, ನೆಲಕ್ಕೆ ಗೇಣು ಅಂತರದಲ್ಲಿ. ನೂರು ಗ್ರಾಮಿಗೆ ಎಷ್ಟು ಬೀಳುತ್ತದೆ ಎಂಬ ಲೆಕ್ಕವನ್ನು ಅಲ್ಲಿ ಇರುವೆಗಳು ಓದಲಿ ಅಂತ ಬರೆದಿರುತ್ತಾರೆ. ಆದರೆ ಈ ಸಲ ನಾನು ತಯಾರಾಗಿಯೇ ಹೋಗಿದ್ದೆ. ಪ್ಯಾಂಟಿನ ಮೇಲೆ ಮಂಡಿ ಪ್ಯಾಡ್ ಕಟ್ಟಿಕೊಂಡು, ಕಂಬಳಿ ಮೇಲೆ ಕೂತಷ್ಟು ಸುಖವಾಗಿ ಮಂಡಿಯೂರಿ, ಒಂದೊಂದೇ ಸೋಪಿನ ಲೆಕ್ಕ ಓದಿದೆ. ಪಕ್ಕದಲ್ಲಿ ಕೋಟು ಹಾಕಿದ ಒಬ್ಬರು ಮಂಡಿ ಉಜ್ಜಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದರು.

"ಎಲ್ಲಿ ತಗೊಂಡ್ರಿ ಸಾರ್ ಇದನ್ನ?"

ಅಗ್ಗದ ಅಂಗಡಿಯ ದಾರಿ ಹೇಳಿದೆ. "ಅರ್ಧ ಬೆಲೆ. ನಿನ್ನೆ ನಾನು ತಗೊಂಡಿದ್ದೇ ಕೊನೇ ಜೊತೆ, ನೋಡಿ, ಮತ್ತೆ ತರಿಸಿದ್ರೂ ತರಿಸಿರಬಹುದು" ಎಂದೆ. ಕೈಲಿದ್ದ ಸೋಪು ಅಲ್ಲೇ ಇಟ್ಟು ಎದ್ದು ಹೋದರು.

ಅಂತೂ ಲೆಕ್ಕ ಹಾಕಿ ಆರಿಸಿದ ಒಂದು ಸೋಪು ಹಿಡಿದು ಕೌಂಟರಿಗೆ ಬಂದೆ. "ಕಾರ್ಡ್ ಇದೆಯಾ ಸಾರ್?" ಎಂದಳು ಹುಡುಗಿ. ಕಾರ್ಡ್ ಫೋನಿನಲ್ಲಿತ್ತು, ಫೋನು ಮನೆಯಲ್ಲಿತ್ತು. ದುಡ್ಡು ಕೊಟ್ಟೆ. ಬಿಲ್ಲಿನ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, ಕಾರ್ಡ್ ಇದ್ದಿದ್ದರೆ ಇವತ್ತು ನೀವು ಇಷ್ಟು ಉಳಿಸಬಹುದಿತ್ತು ಎಂದು ಬರೆದಿತ್ತು.

ಸೋಪು ಮನೆಗೆ ತಂದೆ. ಬಿಲ್ಲು ತರಲಿಲ್ಲ.